ಹೀಪ್‌ಟ್ರ್ಯಾಕ್: ನಾಲ್ಕು ವರ್ಷ ಬಳಸಿದ ಮೇಲೆ

ಲಿನಕ್ಸ್‌ನಲ್ಲಿ ಪ್ರೋಗ್ರಾಂ ಒಂದು ಪಡೆದ ಮೆಮೊರಿಯನ್ನು ಮರಳಿ ಬಿಡದೆ ಎಲ್ಲಿ ಸೋರಿಸುತ್ತಿದೆ ಎಂದು ಹುಡುಕಬೇಕಾದಾಗ ನಾನು ಮೊದಲು ಕೈಗೆತ್ತಿಕೊಳ್ಳುವುದು ಹೀಪ್‌ಟ್ರ್ಯಾಕ್. ಮಿಲಿಯಾನ್ ವೋಲ್ಫ್ ಎಂಬ ಪ್ರೋಗ್ರಾಮರ್ 2014ರಲ್ಲಿ ಹೊರತಂದ, ಈಗ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದಲ್ಲಿರುವ ಉಚಿತ ಸಾಧನ ಇದು. ನಾಲ್ಕು ವರ್ಷ ಬಳಸಿದ್ದೇನೆ. ಇದರ ಮೇಲೆ ಪೂರ್ತಿ ಭರವಸೆ ಬಂದದ್ದು ಒಂದೇ ಒಂದು ಸೋರಿಕೆಯಿಂದ, ಅದನ್ನೇ ಹೇಳುತ್ತೇನೆ.

ಡೆಸ್ಕ್‌ಟಾಪ್ ಪ್ಯಾನೆಲ್‌ನಲ್ಲಿ ನೆಟ್‌ವರ್ಕ್ ವೇಗ ತೋರಿಸುವ ಆಪ್ಲೆಟ್ (ಪ್ಯಾನೆಲ್‌ನೊಳಗೇ ಓಡುವ ಪುಟ್ಟ ಪ್ರೋಗ್ರಾಂ) ಒಂದನ್ನು ಹಾಕಿಕೊಂಡಿದ್ದೆ. ಹಗಲೆಲ್ಲ ಕೆಲಸ ಮಾಡಿದರೂ ಪ್ಯಾನೆಲ್‌ನ ಮೆಮೊರಿ ಅಷ್ಟಾಗಿ ಏರುತ್ತಿರಲಿಲ್ಲ. ರಾತ್ರಿ ಕಂಪ್ಯೂಟರನ್ನು ಸುಮ್ಮನೆ ಬಿಟ್ಟು ಮಲಗಿದರೆ ಮಾತ್ರ ಬೆಳಿಗ್ಗೆ ಹೊತ್ತಿಗೆ 260 ಎಂಬಿಗೂ ಹೆಚ್ಚು ಏರಿರುತ್ತಿತ್ತು. ಟಾಪ್ ಎಂಬ ಆದೇಶ ತೋರಿಸುವ ಆರ್‌ಎಸ್‌ಎಸ್‌ನಲ್ಲಿ (ಪ್ರೋಗ್ರಾಂ ಆ ಹೊತ್ತಿಗೆ ಹಿಡಿದಿರುವ ಒಟ್ಟು ಮೆಮೊರಿ) ಹಂಚಿಕೊಂಡ ಲೈಬ್ರರಿಗಳ ಪಾಲೂ ಸೇರಿರುತ್ತದೆ, ಅದನ್ನು ನೆಚ್ಚಿಕೊಳ್ಳಲಿಲ್ಲ. ಪ್ರೊಕ್ ಫೋಲ್ಡರಿನ ಸ್ಮ್ಯಾಪ್ಸ್ ರೋಲಪ್ ಫೈಲಿನಲ್ಲಿರುವ 'ಪ್ರೈವೇಟ್ ಡರ್ಟಿ', ಅಂದರೆ ಆ ಪ್ರೋಗ್ರಾಂ ಮಾತ್ರ ಬರೆದು ಬಳಸುತ್ತಿರುವ ಜಾಗದ ಅಂಕಿಯನ್ನೇ ಬರೆದಿಟ್ಟುಕೊಂಡೆ. ಏರುತ್ತಿದ್ದದ್ದು ಅದೇ.

ಮೊದಲು ವಾಲ್‌ಗ್ರೈಂಡ್ ಎಂಬ ಮೆಮೊರಿ ತಪಾಸಣೆಯ ಸಾಧನ ಹಚ್ಚಿದೆ. ನಿಖರತೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಆದರೆ ಅದರ ಮೆಮ್‌ಚೆಕ್ ಎಂಬ ಭಾಗದಲ್ಲಿ ಪ್ರೋಗ್ರಾಂ ಹತ್ತು ಪಟ್ಟಿಗೂ ಮೀರಿ ನಿಧಾನವಾಗುತ್ತದೆ. ಮೆನು ಒತ್ತಿ ಕಾಯುತ್ತಾ ಕೂರುವ ಪ್ಯಾನೆಲ್ ಇಟ್ಟುಕೊಂಡು ದಿನಗಟ್ಟಲೆ ಕೆಲಸ ಮಾಡಲಾಗದು. ಹೀಪ್‌ಟ್ರ್ಯಾಕ್‌ನ ದಾರಿ ಬೇರೆ. ಎಲ್‌ಡಿ ಪ್ರಿಲೋಡ್ (ಪ್ರೋಗ್ರಾಂಗೆ ಮುಂಚೆಯೇ ಬೇರೊಂದು ಲೈಬ್ರರಿ ಸೇರಿಸುವ ಲಿನಕ್ಸ್ ವಿಧಾನ) ಮೂಲಕ, ಮೆಮೊರಿ ಕೇಳುವ ಮ್ಯಾಲಕ್, ಮರಳಿಸುವ ಫ್ರೀ ಕರೆಗಳ ನಡುವೆ ತಾನು ನಿಂತು, ಪ್ರತಿ ಬಾರಿ ಯಾರು ಎಷ್ಟು ಕೇಳಿದರು, ಯಾವ ಫಂಕ್ಷನ್ ದಾರಿಯಲ್ಲಿ ಬಂದು ಕೇಳಿದರು ಎಂದು ಬರೆದುಕೊಳ್ಳುತ್ತದೆ. ಪ್ಯಾನೆಲ್ ಕೊಂಚ ಭಾರವಾಯಿತು, ಕೆಲಸವೇನೂ ನಿಲ್ಲಲಿಲ್ಲ. ಸಂಜೆಯಿಂದ ಬೆಳಿಗ್ಗೆವರೆಗೆ ಹಾಗೇ ಓಡಲು ಬಿಟ್ಟೆ.

ಬೆಳಿಗ್ಗೆ ತೆರೆದಾಗ 'ಲೀಕ್ಡ್' ಪಟ್ಟಿ ಉದ್ದಕ್ಕಿತ್ತು. ಹೊಸಬರು ಎಡವುವುದು ಇಲ್ಲೇ. ಫಾಂಟ್ ಕ್ಯಾಶ್, ಗ್ರಾಫಿಕ್ಸ್ ಡ್ರೈವರ್ ಮುಂತಾದವು ಶುರುವಿನಲ್ಲಿ ಒಮ್ಮೆ ಜಾಗ ಪಡೆದು ಕೊನೆವರೆಗೂ ಬಿಡುವುದಿಲ್ಲ. ಪಟ್ಟಿಯಲ್ಲಿ ಅವೂ ಸೋರಿಕೆಯಂತೆಯೇ ಕಾಣುತ್ತವೆ. ನೋಡಬೇಕಾದದ್ದು ಕಾಲದ ಗ್ರಾಫನ್ನು. ನನ್ನದರಲ್ಲಿ ಸಂಜೆಯೆಲ್ಲ ಸಮತಟ್ಟಾಗಿದ್ದ ಗೆರೆ, ನಾನು ಎದ್ದು ಹೋದ ಗಳಿಗೆಯಿಂದ ಅಡಿಕೋಲು ಇಟ್ಟು ಎಳೆದ ಹಾಗೆ ಮೇಲಕ್ಕೆ ಹೋಗಿತ್ತು.

ಆ ಗೆರೆಯ ಬಣ್ಣದ ಮೇಲೆ ಮೌಸ್ ಇಟ್ಟಾಗ ಸಿಕ್ಕಿದ್ದು ಚಿತ್ರ ಬಿಡಿಸುವ ಕೈರೋ ಲೈಬ್ರರಿಯ ಇಮೇಜ್ ಸರ್ಫೇಸ್, ಅಂದರೆ ಚಿತ್ರ ಬಿಡಿಸಲು ಮೆಮೊರಿಯಲ್ಲಿ ಪಡೆದ ಹಾಳೆ. ಒಂದೊಂದೂ 9,216 ಬೈಟ್. 48 ಪಿಕ್ಸೆಲ್ ಅಗಲ, 48 ಎತ್ತರ, ಪಿಕ್ಸೆಲ್‌ಗೆ 4 ಬೈಟ್: ಒಂದು ಐಕಾನಿನ ಲೆಕ್ಕ. ಅಂಥವು ಹೆಚ್ಚುಕಡಿಮೆ 28,800 ಉಳಿದಿದ್ದವು. ಎಂಟು ಗಂಟೆಗೆ ಅಷ್ಟೇ ಸೆಕೆಂಡು! ಸೆಕೆಂಡಿಗೊಂದು ಐಕಾನ್, ರಾತ್ರಿಯಿಡೀ. ಆ ಎರಡು ಅಂಕಿ ತಾಳೆಯಾದಾಗ ಆದ ಖುಷಿ ಇನ್ನೂ ನೆನಪಿದೆ.

ಕೋಡ್ ತೆರೆದರೆ ಕಾರಣ ಕಣ್ಣೆದುರೇ ಇತ್ತು. ಸೆಕೆಂಡಿಗೊಮ್ಮೆ ಓಡುವ ಫಂಕ್ಷನ್ ಹೊಸ ಸರ್ಫೇಸ್ ಮಾಡಿ ವೇಗವನ್ನು ಬರೆಯುತ್ತದೆ. ಆಮೇಲೆ ಹಿಂದಿನ ವೇಗಕ್ಕೆ ಹೋಲಿಸಿ, ಬದಲಾಗಿಲ್ಲವೆಂದರೆ ನಡುವೆಯೇ ರಿಟರ್ನ್ ಆಗುತ್ತದೆ. ಸರ್ಫೇಸನ್ನು ಬಿಡುಗಡೆ ಮಾಡುವ ಸಾಲು ಕೊನೆಯಲ್ಲಿತ್ತು. ಕೆಲಸದ ಹೊತ್ತಿನಲ್ಲಿ ವೇಗ ಬದಲಾಗುತ್ತಲೇ ಇರುವುದರಿಂದ ಕೊನೆವರೆಗೂ ಹೋಗುತ್ತಿತ್ತು. ರಾತ್ರಿ ಸೊನ್ನೆಯ ಮೇಲೆ ಸೊನ್ನೆ, ಕೊನೆಯ ಸಾಲು ತಲುಪುವುದೇ ಇಲ್ಲ. ಹೋಲಿಕೆಯನ್ನು ಸರ್ಫೇಸ್ ಮಾಡುವ ಮೊದಲೇ ಇಟ್ಟೆ, ಮಾರನೇ ರಾತ್ರಿ ಮತ್ತೆ ರೆಕಾರ್ಡ್ ಮಾಡಿ 'ಡಿಫ್' ಆಯ್ಕೆಯಲ್ಲಿ ಎರಡೂ ರಾತ್ರಿಗಳನ್ನು ಹೋಲಿಸಿದೆ. ಸರ್ಫೇಸುಗಳ ರಾಶಿ ಮಾಯವಾಗಿತ್ತು. ಈ ತಿದ್ದುಪಡಿಯ ಪ್ಯಾಚನ್ನು ಆಪ್ಲೆಟ್ ನೋಡಿಕೊಳ್ಳುವವರಿಗೆ ಕಳಿಸಿದೆ.

ಮಿತಿಗಳೂ ಇವೆ. ಡೀಬಗ್ ಸಿಂಬಲ್ (ವಿಳಾಸಗಳನ್ನು ಫಂಕ್ಷನ್ ಹೆಸರುಗಳಿಗೆ ಜೋಡಿಸುವ ಮಾಹಿತಿ) ಇಲ್ಲದಿದ್ದರೆ ಫಂಕ್ಷನ್ ಹೆಸರಿನ ಬದಲು ಬರೀ ವಿಳಾಸಗಳು ಕಾಣುತ್ತವೆ, ಅವನ್ನು ಮೊದಲೇ ಹಾಕಿಕೊಳ್ಳಿ. ಜಾವಾಸ್ಕ್ರಿಪ್ಟ್‌ನಲ್ಲಿ ಬರೆದ ಎಕ್ಸ್‌ಟೆನ್ಶನ್ ಸೋರುತ್ತಿದ್ದರೆ ಯಾವ ಸ್ಕ್ರಿಪ್ಟಿನ ಯಾವ ಸಾಲು ಎಂದು ಇದು ಹೇಳದು. ಡೆಸ್ಕ್‌ಟಾಪ್ ಪ್ರೋಗ್ರಾಂಗಳು ಬಳಸುವ ಜಿಲಿಬ್ ಲೈಬ್ರರಿ 2.76ಕ್ಕಿಂತ ಹಳೆಯದಾದರೆ, ಮೆಮೊರಿಯನ್ನು ತಾನೇ ತುಂಡು ಮಾಡಿ ಹಂಚುವ ಅದರ ಸ್ಲೈಸ್ ಅಲೊಕೇಟರ್ ಲೆಕ್ಕವನ್ನು ಮಸುಕು ಮಾಡುತ್ತದೆ. ಹೀಪ್ (ಮ್ಯಾಲಕ್‌ನಿಂದ ಪಡೆದ ಮೆಮೊರಿ) ಗೆರೆ ಸಮತಟ್ಟಾಗಿದ್ದೂ ಆರ್‌ಎಸ್‌ಎಸ್ ಇಳಿಯದಿದ್ದರೆ, ಹೆಚ್ಚಾಗಿ ಅದು ಜಿಲಿಬ್‌ಸಿ (ಮ್ಯಾಲಕ್, ಫ್ರೀ ಒದಗಿಸುವ ಲಿನಕ್ಸ್‌ನ ಮೂಲ ಲೈಬ್ರರಿ) ಮರಳಿ ಕೊಡದೆ ತನ್ನಲ್ಲೇ ಇಟ್ಟುಕೊಂಡ ಜಾಗ; ಅದಕ್ಕಾಗಿ ಕೋಡ್ ಜಾಲಾಡಬೇಡಿ.

ಓಡುತ್ತಿರುವ ಪ್ರೋಗ್ರಾಂಗೆ ನಡುವೆ ಅಂಟಿಕೊಳ್ಳುವ ಸೌಲಭ್ಯ ನನಗೆ ಅಷ್ಟು ಹಿಡಿಸಿಲ್ಲ. ಅದಕ್ಕೆ ಜಿಡಿಬಿ ಎಂಬ ಡೀಬಗರ್ ಬೇಕು, ಒಂದು ಪ್ರೋಗ್ರಾಂ ಇನ್ನೊಂದರೊಳಗೆ ಇಣುಕುವುದನ್ನು ತಡೆಯುವ ಕರ್ನಲ್‌ನ ಪಿಟ್ರೇಸ್ ನಿರ್ಬಂಧ ಎಷ್ಟೋ ಕಡೆ ಅಡ್ಡ ಬರುತ್ತದೆ, ಅಂಟಿಕೊಳ್ಳುವ ಮೊದಲು ಸೋರಿದ್ದಂತೂ ಕಾಣುವುದೇ ಇಲ್ಲ. ಹಾಗಾಗಿ ಅನುಮಾನ ಬಂದ ದಿನವೇ ಪ್ಯಾನೆಲನ್ನು ನಿಲ್ಲಿಸಿ, ಹೀಪ್‌ಟ್ರ್ಯಾಕ್ ಮೂಲಕವೇ ಮತ್ತೆ ಶುರು ಮಾಡಿ ಮಲಗಲು ಹೋಗುತ್ತೇನೆ.