ಹಬ್ಬಕ್ಕೆ ಸೇರಿ ಕಿತ್ತಾಡೋ ಸಂಸಾರಗಳು: ನಾಲ್ಕು ಕ್ರಿಸ್ಮಸ್ ಕಾಮಿಡಿ, ಯಾವುದು ನೋಡ್ಬೇಕು?

ಡಿಸೆಂಬರ್ ಬಂತು ಅಂದ್ರೆ ನಂಗೆ ಅಮೆರಿಕದ ಈ ಥರ ಕಾಮಿಡಿಗಳ ಹುಚ್ಚು, ಅದೇ ಇಡೀ ಸಂಸಾರ ಒಂದ್ಕಡೆ ಸೇರಿ ನಗ್‌ನಗ್ತಾನೇ ಒಬ್ರಿಗೊಬ್ರು ಚುಚ್ಚೋ ಕಥೆಗಳು. ಈ ಸಲ ಒಂದಾದ್ಮೇಲೊಂದು ನಾಲ್ಕು ನೋಡಿದೆ.

ಮೊದ್ಲು 'ಫೋರ್ ಕ್ರಿಸ್ಮಸಸ್' (2008) ವಿಷ್ಯ ಮುಗಿಸ್ಬಿಡ್ತೀನಿ. ವಿನ್ಸ್ ವಾನ್, ರೀಸ್ ವಿದರ್‌ಸ್ಪೂನ್ ಮನೆಯವ್ರಿಗೆ ಸುಳ್ಳು ಹೇಳಿ ಫಿಜಿಗೆ ಹೊರಟಿರ್ತಾರೆ, ಏರ್‌ಪೋರ್ಟಲ್ಲಿ ಮಂಜು ಕವಿದು ಫ್ಲೈಟ್ ಕ್ಯಾನ್ಸಲ್, ಟಿವಿಯವ್ರ ಕ್ಯಾಮೆರಾಗೆ ಸಿಕ್ಕಿಬೀಳ್ತಾರೆ. ಅಲ್ಲಿವರ್ಗೂ ಸೂಪರ್. ಆಮೇಲೆ ಇಬ್ರ ಅಪ್ಪ ಅಮ್ಮಂದಿರೂ ಡೈವೋರ್ಸ್ ಆಗಿರೋದ್ರಿಂದ ನಾಲ್ಕು ಮನೆ ಸುತ್ತಬೇಕು, ಒಂದ್ಕಡೆ ಕಾವೇರ್ತಿದೆ ಅನ್ನೋಷ್ಟ್ರಲ್ಲಿ ಕಾರ್ ಹತ್ತಿ ಇನ್ನೊಂದ್ಕಡೆ. ಎದ್ದು ಹೋಗೋ ದಾರಿ ಇದ್ರೆ ಜಗಳದಲ್ಲಿ ಮಜಾ ಎಲ್ಲಿ ಬರ್ಬೇಕು ಹೇಳಿ.

ಜಾನ್ ಹ್ಯೂಸ್ ಬರೆದಿರೋ 'ಕ್ರಿಸ್ಮಸ್ ವೆಕೇಶನ್' (1989) ವಾಸಿ. ಮನೆಗೆ 25,000 ಬಲ್ಬ್ ಹಾಕೋ ಯಜಮಾನ, ಹೇಳದೆ ಕೇಳದೆ ಬಂದು ವಕ್ಕರಿಸೋ ನೆಂಟ ಎಡ್ಡಿ. ಬೆಳ್‌ಬೆಳಗ್ಗೆ ಬಾತ್‌ರೋಬಲ್ಲಿ ನಿಂತು ತನ್ನ ಮನೆಯಂಥ ಗಾಡಿಯ ಟಾಯ್ಲೆಟ್ ಟ್ಯಾಂಕನ್ನ ಬೀದಿ ಮೋರಿಗೆ ಬಿಡ್ತಾನಲ್ಲ, ಅದಕ್ಕೆ ಹೊಟ್ಟೆ ಹಿಡ್ಕೊಂಡು ನಕ್ಕೆ. ಆದ್ರೆ ಯಾರ ಮಾತೂ ಯಾರಿಗೂ ನಾಟಲ್ಲ, ಪೂರ್ತಿ ಕಾರ್ಟೂನು.

ನಾಟೋದು ಅಂದ್ರೆ 'ದಿ ಫ್ಯಾಮಿಲಿ ಸ್ಟೋನ್' (2005). ಸಾರಾ ಜೆಸ್ಸಿಕಾ ಪಾರ್ಕರ್ ಮೊದಲ ಸಲ ಹುಡುಗನ ಮನೆಗೆ ಬರ್ತಾಳೆ, ಮನೆಯವ್ರು ಅವಳು ಕೂತ್ರೂ ತಪ್ಪು ನಿಂತ್ರೂ ತಪ್ಪು ಅಂತಾರೆ. ಊಟದ ಟೇಬಲ್ಲಲ್ಲಿ, ಕಿವಿ ಕೇಳದ ಗೇ ಮಗನೂ ಅವನ ಸಂಗಾತಿಯೂ ಎದುರಿಗೇ ಕೂತಿದ್ದಾಗ, ಮಗು ಗೇ ಆಗ್ಲಿ ಅಂತ ಯಾವ ತಂದೆತಾಯಿ ತಾನೇ ಬಯಸ್ತಾರೆ ಅನ್ನೋ ಮಾತೆತ್ತಿ, ಅದನ್ನ ಸರಿಮಾಡೋಕೆ ಹೋಗಿ ಇನ್ನೊಂದು, ಅದಕ್ಕೆ ಇನ್ನೊಂದು, ಅಪ್ಪ ಗದರೋವರ್ಗೂ ನಿಲ್ಸಲ್ಲ. ಸಾಕು ಮಾಡಮ್ಮ ತಾಯಿ ಅಂತ ನಾನೇ ಟಿವಿಗೆ ಕೂಗಿದೆ. ಅಮ್ಮನಾಗಿ ಡಯೇನ್ ಕೀಟನ್, ಬಾಯಲ್ಲಿ ಖಾರ, ಒಳಗೆ ಕಾಯಿಲೆ ಮುಚ್ಚಿಟ್ಕೊಂಡಿರ್ತಾಳೆ. ಕೊನೆಗೆ ಅಣ್ಣನ ಹುಡುಗಿ ತಮ್ಮಂಗೆ, ಅವಳ ತಂಗಿ ಅಣ್ಣಂಗೆ ಅನ್ನೋ ಅದ್ಲುಬದ್ಲು ಮಾತ್ರ ಶುದ್ಧ ಓಳು.

ನನ್ನ ಓಟು 'ದಿ ರೆಫ್' (1994)ಗೆ. ಕ್ರಿಸ್ಮಸ್ ಹಿಂದಿನ ರಾತ್ರಿ ಒಬ್ಬ ಕಳ್ಳ ಬಂದು ಗಂಡ ಹೆಂಡ್ತಿ ಇಬ್ರನ್ನೂ ಒತ್ತೆ ಇಟ್ಕೋತಾನೆ, ಪಾಪ ಇವ್ರ ಜಗಳ ಬಿಡ್ಸೋದೇ ಅವ್ನ ಕೆಲ್ಸ ಆಗುತ್ತೆ. ಅತ್ತೆ, ಓರಗಿತ್ತಿ ಎಲ್ಲ ಬಂದಾಗ ತಾನು ಮ್ಯಾರೇಜ್ ಕೌನ್ಸೆಲರ್ ಅಂತ ಕಳ್ಳನ ನಾಟಕ ಬೇರೆ. ಹೆಂಡ್ತಿ ಸ್ಕ್ಯಾಂಡಿನೇವಿಯಾ ಪದ್ಧತಿ ಅಂತ ಎಲ್ರ ತಲೆ ಮೇಲೆ ಉರಿಯೋ ಮೇಣದಬತ್ತಿ ಕಿರೀಟ ಇಟ್ಟು ಊಟಕ್ಕೆ ಕೂರಿಸ್ತಾಳೆ, ಹಂಗೇ ಕೂತು ವರ್ಷಗಳಿಂದ ನುಂಗಿದ್ದನ್ನೆಲ್ಲ ಕಕ್ಕೋದು. ಕಳ್ಳನ ಹತ್ರ ಗನ್ ಇದೆ, ಯಾರೂ ಎದ್ದು ಹೋಗಂಗಿಲ್ಲ, ಅದಕ್ಕೇ ಪ್ರತಿ ಡೈಲಾಗೂ ಗುರಿ ತಪ್ಪಲ್ಲ. ಇಂಥದ್ದನ್ನ ಮಾರ್ಚಲ್ಲಿ ರಿಲೀಸ್ ಮಾಡಿದ್ರು, ಯಾವ ಪುಣ್ಯಾತ್ಮನ ಐಡಿಯಾನೋ. ಗಂಡನ ಪಾತ್ರದಲ್ಲಿ, ಲೈಂಗಿಕ ಕಿರುಕುಳದ ಆರೋಪ ಎದುರಿಸಿದ ಕೆವಿನ್ ಸ್ಪೇಸಿ ಇದಾನೆ ಅಂತ ಬೇಡ ಅನ್ನೋರು ಹೆಂಡ್ತಿ ಆಗಿರೋ ಜೂಡಿ ಡೇವಿಸ್‌ಗೋಸ್ಕರ ನೋಡಿ. ಬೈಗುಳ ಧಾರಾಳ ಇದೆ, ಅತ್ತೆ ಮಾವ ಮನೇಲಿದ್ದಾಗ ಹಾಕ್ಬೇಡಿ ಅಷ್ಟೇ.