ಜೊಟೆರೊ: ಒಂದು ವರ್ಷ ಬಳಸಿದ ಮೇಲೆ

ಬೆಳಗಾವಿಯಲ್ಲಿ ಕನ್ನಡ ಪಿಎಚ್‌ಡಿ ಮಾಡುತ್ತಿದ್ದೇನೆ. ಕಳೆದ ವರ್ಷ ಒಂದು ಅಧ್ಯಾಯವನ್ನು ಡಿಟಿಪಿ ಅಂಗಡಿಗೆ ಕೊಟ್ಟಿದ್ದೆ, ಅವರು ಗ್ರಂಥಸೂಚಿಯನ್ನು ಅರ್ಧ ಎಂಎಲ್‌ಎ, ಅರ್ಧ ಎಪಿಎ (ಉಲ್ಲೇಖ ಬರೆಯುವ ಎರಡು ಬೇರೆ ಬೇರೆ ಶೈಲಿಗಳು) ಮಾಡಿಟ್ಟಿದ್ದರು, ಗೈಡ್ ಮೇಡಂ ನೋಡಿದವರೇ ಪೂರ್ತಿ ವಾಪಸ್ ಕೊಟ್ಟರು. ಅದನ್ನು ಸರಿ ಮಾಡಲು ಎರಡು ವಾರ ಸುಮ್ನೆ ಹೋಯಿತು. ಆಮೇಲೆ ಉಲ್ಲೇಖಗಳನ್ನು ಕೂಡಿಟ್ಟು ಗ್ರಂಥಸೂಚಿ ಮಾಡಿಕೊಡುವ ಜೊಟೆರೊ ಎಂಬ ಸಾಫ್ಟ್‌ವೇರ್ ಹಾಕಿಕೊಂಡೆ.

ಇದು ಉಚಿತ, 2006ರಿಂದ ಇದೆ. ಪುಸ್ತಕದ ಮೇಲಿರುವ ಐಎಸ್‌ಬಿಎನ್ ಸಂಖ್ಯೆ ಕೊಟ್ಟರೆ ಎಷ್ಟೋ ಪುಸ್ತಕಗಳ ವಿವರ ತಾನೇ ಬರುತ್ತದೆ. ವರ್ಡ್‌ನಲ್ಲಿ ಬರೆಯುತ್ತಾ ಉಲ್ಲೇಖ ಸೇರಿಸುತ್ತಾ ಹೋಗಿ, ಕೊನೆಯ ಪಟ್ಟಿಯನ್ನು ಅದೇ ಕಟ್ಟಿಕೊಡುತ್ತದೆ. ಶೈಲಿ ಬದಲಿಸಿದರೆ ಪಟ್ಟಿಯೂ ಬದಲಾಗುತ್ತದೆ. ಎಂಎಲ್‌ಎಯಲ್ಲಿ ಲೇಖಕರ ಹೆಸರು, ಪುಟ ಮುಖ್ಯ, ಸಾಹಿತ್ಯದವರಿಗೆ ಅದು ಹೊಂದುತ್ತದೆ. ಎಪಿಎಗೆ ವರ್ಷ ಬೇಕು, ಸಮಾಜ ವಿಜ್ಞಾನದವರು ಅದನ್ನೇ ಜಾಸ್ತಿ ಬಳಸುತ್ತಾರೆ. ಆದರೂ ಗೈಡ್ ಹತ್ತಿರ ಮೊದಲೇ ಕೇಳಿಬಿಡಿ.

ಕನ್ನಡ ಹೆಸರುಗಳನ್ನು ಮಾತ್ರ ನೀವೇ ನೋಡಿಕೊಳ್ಳಬೇಕು. ನಮ್ಮ ಕಡೆ ಅಡ್ಡಹೆಸರು ಇರುತ್ತದಲ್ವಾ, ಹಾಗಾಗಿ ಫ.ಗು. ಹಳಕಟ್ಟಿಯವರ ಹೆಸರು ‘ಹಳಕಟ್ಟಿ, ಫ. ಗು.’ ಎಂದು ಚೆಂದ ಕೂರುತ್ತದೆ. ಅಕ್ಕಮಹಾದೇವಿಯನ್ನು ಹಾಗೆ ಒಡೆಯಲು ಆಗಲ್ಲ. ಅಂಥ ಹೆಸರಿಗೆ ಜೊಟೆರೊದಲ್ಲಿ ಹೆಸರು, ಅಡ್ಡಹೆಸರು ಎಂಬ ಎರಡು ಖಾನೆಗಳ ಬದಲು ಒಂದೇ ಖಾನೆ ಆರಿಸಿಕೊಳ್ಳಿ. ಐಎಸ್‌ಬಿಎನ್ ಇಲ್ಲದ ಹಳೆಯ ಪುಸ್ತಕಗಳನ್ನು ಕೈಯಿಂದಲೇ ತುಂಬಬೇಕು, ಅದಕ್ಕೆ ತಾಳ್ಮೆ ಬೇಕು.

ಆನ್‌ಲೈನ್‌ನಲ್ಲಿ ಫೈಲ್ ಇಡಲು 300 ಎಂಬಿ ಮಾತ್ರ ಉಚಿತ. ನಾನು ಪಿಡಿಎಫ್‌ಗಳನ್ನು ಲ್ಯಾಪ್‌ಟಾಪ್‌ನಲ್ಲೇ ಇಟ್ಟಿದ್ದೇನೆ, ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ ಇದೆ.