ಟ್ಯೂನಿಂಗ್ ಆದ ಮೇಲೆ ಎಂಜಿನ್ ಲೈಟ್ ಹತ್ತಿತಾ? ಅದನ್ನು ‘ಆಫ್’ ಮಾಡಿಸಿಕೊಂಡು ಬರಬೇಡಿ

ಟ್ಯೂನಿಂಗ್ ಮಾಡಿಸಬೇಡಿ ಅಂತ ಹೇಳೋಕೆ ಇದನ್ನು ಬರೀತಿಲ್ಲ. ನನ್ನ ಬೈಕಿನ ಇಸಿಯು, ಅಂದರೆ ಎಂಜಿನ್ ನಡೆಸೋ ಕಂಪ್ಯೂಟರ್‌ನಲ್ಲಿ, ಯಾವಾಗ ಎಷ್ಟು ಪೆಟ್ರೋಲ್ ಬಿಡಬೇಕು ಅಂತ ಬರೆದಿರೋ ‘ಮ್ಯಾಪ್’ ಬದಲಾಯಿಸಿಕೊಂಡಿದ್ದೆ. ಹಾಗೆ ರಿಮ್ಯಾಪ್ ಆದ ದಿನ ಗಾಡಿ ಓಡಿಸಿದ ಖುಷಿ ಇನ್ನೂ ನೆನಪಿದೆ. ಕೆಳಗಿನ ಗೇರ್‌ಗಳಲ್ಲಿ ಮೊದಲಿದ್ದ ಜಗ್ಗಾಟ ಹೋಗಿತ್ತು, ಥ್ರಾಟಲ್ ತಿರುವಿದ ಕೂಡಲೇ ಎಂಜಿನ್ ಮಾತು ಕೇಳುತ್ತಿತ್ತು. ನನ್ನ ತಕರಾರು ಅದಾಗಿ ಎರಡನೇ ದಿನ ಮೀಟರ್‌ನಲ್ಲಿ ಹತ್ತಿದ ಹಳದಿ ಲೈಟಿನದು. ಲೈಟಿಗಿಂತ ಹೆಚ್ಚಾಗಿ ಅದನ್ನು ‘ಸರಿ ಮಾಡಿದ’ ರೀತಿಯದು.

ಆವತ್ತು ಒಟ್ಟಿಗೆ ಎರಡು ಕೆಲಸ ಮಾಡಿಸಿದ್ದೆ. ಎಂಜಿನ್‌ನಿಂದ ಹೊಗೆ ತರುವ ಬೆಂಡ್ ಪೈಪ್ ಸಮೇತ ಹೊಸ ಸೈಲೆನ್ಸರ್, ಅದಕ್ಕೆ ತಕ್ಕಂತೆ ಇಸಿಯು ರಿಮ್ಯಾಪ್. ನನ್ನ ಮೊದಲ ತಪ್ಪು ಇದೇ. ಒಂದೇ ದಿನ ಎರಡನ್ನೂ ಬದಲಾಯಿಸಿದರೆ, ಆಮೇಲೆ ತೊಂದರೆ ಬಂದಾಗ ತಪ್ಪು ಸ್ಪ್ಯಾನರ್ ಹಿಡಿದವರದಾ ಲ್ಯಾಪ್‌ಟಾಪ್ ಹಿಡಿದವರದಾ ಅಂತ ಗೊತ್ತೇ ಆಗಲ್ಲ.

ಲೈಟ್ ಹತ್ತಿದ್ದೇ ಟ್ಯೂನರ್ ಹತ್ತಿರ ಓಡಿದೆ. ಅವರು ಲ್ಯಾಪ್‌ಟಾಪ್ ಜೋಡಿಸಿದರು, ಪರದೆ ಮೇಲೆ ಪಿ0135 ಅಂತ ದೋಷದ ಕೋಡ್ ಬಂತು. ಅಂದರೆ ಆಕ್ಸಿಜನ್ ಸೆನ್ಸರ್‌ನ ಹೀಟರ್ ಸರ್ಕ್ಯೂಟ್‌ನಲ್ಲಿ ದೋಷ. “ಟ್ಯೂನ್ ಆದ ಗಾಡಿಗೆ ಇದು ಮಾಮೂಲಿ ಸಾರ್. ಈ ಸೆನ್ಸರ್ ಇನ್ನು ಬೇಕಾಗಿಲ್ಲ, ಆಫ್ ಮಾಡಿಬಿಡ್ತೀನಿ” ಅಂದರು. ಹತ್ತು ನಿಮಿಷಕ್ಕೆ ಲೈಟ್ ಮಾಯ. ನಾನು ಥ್ಯಾಂಕ್ಸ್ ಬೇರೆ ಹೇಳಿ ಬಂದೆ! ಗಾಡಿ ಹತ್ತಿರ ಒಬ್ಬರೂ ಬಗ್ಗಿ ನೋಡಲಿಲ್ಲ, ನಾನೂ ಸೇರಿ.

ಆ ಸೆನ್ಸರ್ ಮಾಡೋ ಕೆಲಸ ಏನು ಅಂತ ಆಮೇಲೆ ಕಲಿತೆ. ಪೆಟ್ರೋಲ್ ಸರಿಯಾಗಿ ಉರಿಯೋಕೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿ ಸೆನ್ಸರ್ ವೋಲ್ಟೇಜ್ ಕೊಡುತ್ತೆ. ಪೆಟ್ರೋಲ್ ಹೆಚ್ಚಾದರೆ 0.9 ವೋಲ್ಟ್ ಹತ್ತಿರ, ಕಡಿಮೆಯಾದರೆ 0.1 ಹತ್ತಿರ. ಒಂದೇ ವೇಗದಲ್ಲಿ ಹೋಗುವಾಗ ಇಸಿಯು ಇದನ್ನು ನೋಡಿಕೊಂಡೇ ಇಂಜೆಕ್ಟರ್ ಚಿಮ್ಮಿಸುವ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತೆ. ಸೆನ್ಸರ್ ಚೆನ್ನಾಗಿ ಬಿಸಿಯಾಗದೆ ಕೆಲಸ ಮಾಡಲ್ಲ, ಅದಕ್ಕೇ ಒಳಗೊಂದು ಹೀಟರ್. ಸೆನ್ಸರ್ ಆಫ್ ಮಾಡಿದರೆ ಇಸಿಯು ಮ್ಯಾಪ್‌ನಲ್ಲಿ ಬರೆದಷ್ಟು ಪೆಟ್ರೋಲ್ ಸುಮ್ಮನೆ ಸುರೀತಾ ಹೋಗುತ್ತೆ, ಹೆಚ್ಚಾಯ್ತಾ ಕಡಿಮೆಯಾಯ್ತಾ ಅಂತ ಹೇಳೋರೇ ಇರಲ್ಲ.

ನನ್ನ ಮ್ಯಾಪ್‌ನಲ್ಲಿ ಹೆಚ್ಚೇ ಇತ್ತು. ಮೈಲೇಜ್ ಇಳಿಯಿತು, ಟ್ಯೂನಿಂಗ್ ಅಂದಮೇಲೆ ಇಷ್ಟು ಇರುತ್ತೆ ಅಂದುಕೊಂಡೆ. ಸಿಗ್ನಲ್‌ನಲ್ಲಿ ನಿಂತರೆ ಪೆಟ್ರೋಲ್ ವಾಸನೆ. ಪ್ಲಗ್ ಬಿಚ್ಚಿದರೆ ಕಾಡಿಗೆ ಬಳಿದ ಹಾಗೆ ಒಣ ಮಸಿ. ಇಷ್ಟೆಲ್ಲ ಆದರೂ ಮೀಟರ್‌ನಲ್ಲಿ ಲೈಟ್ ಇಲ್ಲವಲ್ಲ ಅಂತ ನೆಮ್ಮದಿಯಾಗಿದ್ದೆ.

ಒಂದು ರಾತ್ರಿ ಕಿತ್ತುಹೋದ ರಸ್ತೆಯಲ್ಲಿ ಒಂದು ಗುಂಡಿ ಹಾರಿಸಿದ್ದೇ ತಡ, ಎಂಜಿನ್ ಗಪ್ಪಂತ ನಿಂತಿತು. ಮೀಟರ್ ಇದೆ, ಹೆಡ್‌ಲೈಟ್ ಇದೆ, ಸೆಲ್ಫ್ ಕೂಡ ತಿರುಗುತ್ತೆ, ಸ್ಟಾರ್ಟ್ ಮಾತ್ರ ಆಗಲ್ಲ. ಸೀಟ್ ತೆಗೆದು ಮೊಬೈಲ್ ಬೆಳಕಲ್ಲಿ ನೋಡಿದರೆ ಒಂದು ಫ್ಯೂಸ್ ಸುಟ್ಟಿದೆ. ಡಬ್ಬಿಯಲ್ಲಿದ್ದ ಸ್ಪೇರ್ ಫ್ಯೂಸ್ ಹಾಕಿದೆ, ಸ್ಟಾರ್ಟ್ ಆಯಿತು. ಮುಂದಿನ ಗುಂಡಿಯಲ್ಲಿ ಅದೂ ಹೋಯಿತು. ಸ್ಪೇರ್ ಇದ್ದದ್ದೇ ಒಂದು. ಉಳಿದ ದಾರಿ ತಳ್ಳಿಕೊಂಡು ಬಂದೆ. ಗಾಡಿಯ ತೂಕ ಎಷ್ಟು ಅಂತ ಕಂಪನಿಯವರು ಬರೆದಿರೋದನ್ನು ನಂಬಬೇಡಿ, ತಳ್ಳಿ ನೋಡಿ.

ಮಾರನೇ ದಿನ ವೈರಿಂಗ್ ಕೆಲಸ ಮಾಡುವ ಬೇರೊಬ್ಬರು ಬಂದು ಲ್ಯಾಪ್‌ಟಾಪ್ ತೆಗೆಯಲೇ ಇಲ್ಲ. ಟಾರ್ಚ್ ಹಿಡಿದು ಸೆನ್ಸರ್‌ನಿಂದ ಶುರುಮಾಡಿ ವೈರ್ ಜೊತೆಗೇ ಬೆರಳು ಓಡಿಸಿಕೊಂಡು ಹೋದರು. ಒಂದು ಗೇಣು ದಾಟುವಷ್ಟರಲ್ಲಿ ಬೆರಳು ನಿಂತಿತು. ಫ್ರೇಮ್ ಮೇಲೆ ವೈರ್ ಹಿಡಿಯಬೇಕಿದ್ದ ಪ್ಲಾಸ್ಟಿಕ್ ಕ್ಲಿಪ್ ಬಾಯಿ ತೆರೆದುಕೊಂಡು ಖಾಲಿ ಕೂತಿತ್ತು. ಸೈಲೆನ್ಸರ್ ಹಾಕಿದವರು ವೈರನ್ನು ಅದರೊಳಗೆ ವಾಪಸ್ ಸಿಕ್ಕಿಸಿರಲಿಲ್ಲ. ಜೋತುಬಿದ್ದ ವೈರ್ ಬೆಂಡ್ ಪೈಪಿಗೆ ತಾಗಿ, ಮೇಲಿನ ಹೊದಿಕೆ ಕರಗಿ ಪೈಪಿಗೇ ಅಂಟಿಕೊಂಡಿತ್ತು. ನನ್ನ ಸೆನ್ಸರ್‌ಗೆ ನಾಲ್ಕು ವೈರ್, ಅದರಲ್ಲಿ ಎರಡು ಬಿಳಿಯವು ಹೀಟರ್‌ದು. ಒಂದು ಬಿಳಿ ವೈರ್ ಪೂರ್ತಿ ತುಂಡಾಗಿತ್ತು. ಆವತ್ತು ಬಂದ ಕೋಡ್ ಅದರದ್ದೇ. 12 ವೋಲ್ಟ್ ಬರುವ ಇನ್ನೊಂದು ಆಮೇಲೆ ನಿಧಾನಕ್ಕೆ ಬೆತ್ತಲಾಗಿ, ಗುಂಡಿಗೆ ಬಿದ್ದಾಗೆಲ್ಲ ಪೈಪಿಗೆ ತಾಗಿ ಶಾರ್ಟ್ ಆಗಿ ಫ್ಯೂಸ್ ಸುಡುತ್ತಿತ್ತು. ನನ್ನ ಗಾಡಿಯಲ್ಲಿ ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗೂ ಅದೇ ಫ್ಯೂಸ್, ಅದಕ್ಕೇ ಎಂಜಿನ್ ನಿಲ್ಲುತ್ತಿದ್ದದ್ದು.

ಅಂದರೆ ಲೈಟ್ ಮೊದಲ ದಿನವೇ ನಿಜ ಹೇಳಿತ್ತು. ನಾವು ಅದರ ಬಾಯಿ ಹೊಲಿದು ಕಳಿಸಿದ್ದೆವು.

ಸೆನ್ಸರ್ ಕೆಟ್ಟಿರಲಿಲ್ಲ. ಎರಡು ಬಿಳಿ ತುದಿಗಳ ನಡುವೆ ಮಲ್ಟಿಮೀಟರ್ ಹಿಡಿದರೆ ತಣ್ಣಗಿರುವಾಗ 9 ಓಮ್ ತೋರಿಸಿತು, ಹೀಟರ್ ಚೆನ್ನಾಗಿಯೇ ಇದೆ ಅಂತ ಅರ್ಥ. ನಾನು ಬೆಸುಗೆ ಹಾಕಿಬಿಡಿ ಅಂದೆ, ಅವರು ಒಪ್ಪಲಿಲ್ಲ. ಇಂಥ ಎಷ್ಟೋ ಸೆನ್ಸರ್‌ಗಳು ಹೊಗೆಯ ಜೊತೆ ಹೋಲಿಸೋಕೆ ಬೇಕಾದ ಹೊರಗಿನ ಗಾಳಿಯನ್ನು ವೈರಿನ ಎಳೆಗಳ ನಡುವಿಂದಲೇ ಎಳೆದುಕೊಳ್ಳುತ್ತವಂತೆ, ಬೆಸುಗೆ ಆ ದಾರಿಯನ್ನೇ ಮುಚ್ಚಿಬಿಡುತ್ತೆ. ತುದಿಗಳನ್ನು ಲೋಹದ ಕೊಳವೆಯಲ್ಲಿ ಒತ್ತಿ ಕ್ರಿಂಪ್ ಮಾಡಿ, ಮೇಲೆ ಶಾಖ ತಡೆಯುವ ಸ್ಲೀವ್ ಹಾಕಿ, ಕ್ಲಿಪ್‌ಗೆ ಸಿಕ್ಕಿಸಿದರು.

ಆಮೇಲೆ ಅವರು ತೋರಿಸಿದ ಒಂದು ಪರೀಕ್ಷೆಯನ್ನು, ಬೇರೆಯವರ ಕೈಯಲ್ಲಿ ಮ್ಯಾಪ್ ಹಾಕಿಸಿಕೊಂಡವರೆಲ್ಲ ಮಾಡಿ ನೋಡಬೇಕು. ಎಂಜಿನ್ ತಣ್ಣಗಿರುವಾಗ ಕೀ ಆಫ್ ಮಾಡಿ ಸೆನ್ಸರ್ ಕನೆಕ್ಟರ್ ಬಿಡಿಸಿ, ಸ್ಟಾರ್ಟ್ ಮಾಡಿ ಒಂದು ಸುತ್ತು ಹೋಗಿ ಬನ್ನಿ. ಲೈಟ್ ಹತ್ತಬೇಕು, ಕೆಲವು ಗಾಡಿಗಳಲ್ಲಿ ಇನ್ನೊಂದು ಸಲ ಸ್ಟಾರ್ಟ್ ಮಾಡಿ ಓಡಿಸಿದ ಮೇಲೆ ಹತ್ತಬಹುದು. ಆಗಲೂ ಹತ್ತದಿದ್ದರೆ ಮ್ಯಾಪ್‌ನಲ್ಲಿ ಆ ಕೋಡ್ ಮುಚ್ಚಿಟ್ಟಿರಬಹುದು. ನನ್ನದು ಹತ್ತಲಿಲ್ಲ. ಕೀ ಆನ್ ಮಾಡಿದಾಗ ಒಮ್ಮೆ ಹತ್ತಿ ಆರುತ್ತಲ್ಲ, ಅದನ್ನು ನಂಬಿ ಕೂರಬೇಡಿ. ಅದು ಬಲ್ಬ್ ಪರೀಕ್ಷೆ ಅಷ್ಟೇ, ಕೋಡ್‌ಗಳನ್ನು ಮುಚ್ಚಿಟ್ಟ ಮ್ಯಾಪ್‌ನಲ್ಲೂ ಠೀವಿಯಿಂದ ಹತ್ತಿ ಆರುತ್ತೆ.

ಹಳೇ ಮ್ಯಾಪ್ ವಾಪಸ್ ಹಾಕಿ ಅಂತ ಟ್ಯೂನರ್‌ಗೆ ಫೋನ್ ಮಾಡಿದರೆ ಬ್ಯಾಕಪ್ ತೆಗೆದಿಟ್ಟಿಲ್ಲ ಅಂದರು. “ಲೈಟ್ ಹೋಗಿತ್ತಲ್ಲ ಸಾರ್?” ಅಂತಲೂ ಕೇಳಿದರು. ಕಂಪನಿಯ ಸರ್ವಿಸ್‌ಗೆ ಹೋದರೆ ಅವರ ಸ್ಕ್ಯಾನರ್ “ಇತ್ತೀಚಿನ ಸಾಫ್ಟ್‌ವೇರೇ ಇದೆ” ಅಂತ ಹಟ ಹಿಡಿಯಿತು. ಅದು ನೋಡೋದು ಸಾಫ್ಟ್‌ವೇರ್‌ಗೆ ಹೆಸರಿನಂತಿರುವ ಕ್ಯಾಲಿಬ್ರೇಶನ್ ಸಂಖ್ಯೆಯನ್ನು, ಟ್ಯೂನರ್ ಆ ಸಂಖ್ಯೆ ಮುಟ್ಟದೆ ಒಳಗಿನ ಅಂಕಿಗಳನ್ನಷ್ಟೇ ಬದಲಾಯಿಸಿದ್ದರು. ಒಳಗಿನ ಡೇಟಾ ಲೆಕ್ಕ ಹಾಕಿ ಬರುವ ಇನ್ನೊಂದು ಸಂಖ್ಯೆ ಇರುತ್ತೆ, ಸಿವಿಎನ್ ಅಂತಾರೆ. ನಿಮ್ಮ ಗಾಡಿ ತೋರಿಸುತ್ತೆ ಅಂದರೆ ಟ್ಯೂನಿಂಗ್‌ಗೆ ಮೊದಲೇ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಸ್ಟಾಕ್ ಫೈಲ್ ಕೂಡ, ಅಂದರೆ ಕಂಪನಿಯಿಂದ ಬಂದ ಮೂಲ ಮ್ಯಾಪ್, ನಿಮ್ಮದೇ ಪೆನ್‌ಡ್ರೈವ್‌ನಲ್ಲಿರಲಿ. ಅದು ಕೈಯಲ್ಲಿದ್ದರೆ ಅರ್ಧ ರೋಗ ಪತ್ತೆ. ವಾಪಸ್ ಹಾಕಿದ ಮೇಲೂ ಕೋಡ್ ಉಳಿದರೆ ವೈರ್, ಸೆನ್ಸರ್, ಬ್ಯಾಟರಿ ಕಡೆ ಹುಡುಕಿ. ಕೋಡ್ ಹೋದರೆ ಮೊದಲು ಮ್ಯಾಪ್ ಮೇಲೆ ಅನುಮಾನ ಪಡಿ.

ಇನ್ನೊಂದು. ಯಾರೇ ಆಗಲಿ ಕೋಡ್ ಅಳಿಸೋ ಮುಂಚೆ ಅದನ್ನು ಬರೆದುಕೊಳ್ಳಿ, ದೋಷ ಬಂದ ಕ್ಷಣದ ಆರ್‌ಪಿಎಂ, ಎಂಜಿನ್ ಬಿಸಿ ದಾಖಲಾಗಿದ್ದರೆ ಅದನ್ನೂ. ಅಳಿಸಿದರೆ ಅವೂ ಹೋಗುತ್ತವೆ.

ಕೊನೆಗೆ ಇನ್ನೊಬ್ಬ ಟ್ಯೂನರ್ ನನ್ನ ಇಸಿಯು ನಂಬರಿಗೆ ಸರಿಹೊಂದುವ ಸ್ಟಾಕ್ ಫೈಲ್ ಹುಡುಕಿ ಹಾಕಿಕೊಟ್ಟರು. ಬರೆಯುವಾಗ ಮಧ್ಯದಲ್ಲಿ ವೋಲ್ಟೇಜ್ ಇಳಿದರೆ ಇಸಿಯು ಸತ್ತೇ ಹೋಗಬಹುದು ಅಂತ, ಬ್ಯಾಟರಿಗೆ ಚಾರ್ಜರ್ ಹಾಕಿಯೇ ಶುರುಮಾಡಿದರು. ಹಳೇ ಕಡೆ ಚಾರ್ಜರ್ ಕಂಡ ನೆನಪೇ ನನಗಿಲ್ಲ. ಕನೆಕ್ಟರ್ ಬಿಡಿಸಿ ಒಂದು ಸುತ್ತು ಹೋದೆ, ಹಳದಿ ಲೈಟ್ ಹತ್ತಿತು. ಮೊದಲ ಸಲ ಅದನ್ನು ನೋಡಿ ಖುಷಿಯಾಯಿತು. ಎಂಜಿನ್ ಆಯಿಲ್‌ನಲ್ಲೂ ಪೆಟ್ರೋಲ್ ವಾಸನೆ ಬರುತ್ತಿತ್ತು, ಅದನ್ನು ಬದಲಾಯಿಸಿ ಹೊಸ ಪ್ಲಗ್ ಹಾಕಿಸಿದ್ದೇನೆ. ಸದ್ಯಕ್ಕೆ ಸ್ಟಾಕ್ ಮ್ಯಾಪ್‌ನಲ್ಲೇ ಓಡುತ್ತಿದೆ, ಕೆಳಗಿನ ಗೇರ್‌ನ ಜಗ್ಗಾಟವೂ ವಾಪಸ್ ಬಂದಿದೆ.